ಸಿನಿಮಾದಲ್ಲಿ ನಮ್ಮ ಚಿಕ್ಕವ್ವ

ಕೊಳ್ಳೇಗಾಲ ಮದ್ರಾಸಿನವರ ಕೈಯಿಂದ ಮೈಸೂರು ರಾಜ್ಯಕ್ಕೆ ಬಂದ ವರ್ಷವೇ ನಾನು ಹುಟ್ಟಿದ್ದು ಎಂದು ಅಪ್ಪ ಹೇಳುತ್ತಿದ್ದ. ಹೆತ್ತ ತಾಯಿಯ ಮುಖ ನನಗೆ ನೆನಪಿಲ್ಲ. ಎರಡನೆಯ ಹೆರಿಗೆಯಲ್ಲಿ ಅವಳೂ ಹೋದಳು, ಕೂಸೂ ಹೋಯಿತು. ಆಗ ನನಗೆ ಐದು ವರ್ಷ. ಮರುವರ್ಷ ಅಪ್ಪ ಹನೂರಿನ ಕಡೆಯಿಂದ ಮದುವೆಯಾಗಿ ಕರೆತಂದವಳು ಚಿಕ್ಕವ್ವ.

ಎತ್ತರದ ಆಳು, ಕೂಡಿಕೊಂಡ ಹುಬ್ಬು, ಗಟ್ಟಿ ಗಂಟಲು. ನಮ್ಮದು ರೇಷ್ಮೆ ನೇಯುವವರ ಬೀದಿ. ಹೊತ್ತು ಹುಟ್ಟಿದರೆ ಮಗ್ಗದ ಸದ್ದು ಶುರು. ಆ ಸದ್ದಿನಲ್ಲಿ ಮೆಲ್ಲಗೆ ಆಡಿದ ಮಾತು ಯಾರಿಗೂ ಕೇಳದು, ಹಾಗಾಗಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ಚಿಕ್ಕವ್ವ ಕೂಗಿದರೆ ಮಾತ್ರ ಬೀದಿ ಕೊನೆಯ ಮನೆಯ ಮಗ್ಗವೂ ಒಂದು ಗಳಿಗೆ ನಿಲ್ಲುತ್ತದೆ ಎಂದು ಅಪ್ಪ ನಗುತ್ತಿದ್ದ. ತಮಿಳು ಮಾತಾಡುವ ಊರುಗಳ ಮಗ್ಗುಲಲ್ಲೇ ಬೆಳೆದವಳು ಅವಳು. ಪ್ರೀತಿ ಬಂದರೆ ನನ್ನನ್ನು ‘ಕಣ್ಣೂ’ ಎನ್ನುವಳು, ಸಿಟ್ಟು ಬಂದರೆ ಅಪ್ಪಟ ಕನ್ನಡ.

ಬಂದ ಮಾರನೆಯ ದಿನ ಅವಳು ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಕೂರಿಸಿದಳು. ತಾಯಿ ಸತ್ತಮೇಲೆ ನನ್ನ ತಲೆಗೆ ಸರಿಯಾಗಿ ಬಾಚಣಿಗೆ ಬಿದ್ದಿರಲಿಲ್ಲ. ಕೂದಲು ಜಡೆಗಟ್ಟಿ ಹೇನು ತುಂಬಿತ್ತು.

“ನಿಂಗೆ ತಲೆ ಬಾಚಕ್ಕೆ ಯಾರೂ ಇರ್ಲಿಲ್ವಾ?” ಎಂದಳು.

ನಾನು ಇಲ್ಲವೆಂದು ತಲೆಯಾಡಿಸಿದೆ.

“ಈಗ ನಾನಿವ್ನಿ ಬುಡು. ನೋವಾದ್ರೆ ಯೋಳು.”

ಅವತ್ತು ಮಧ್ಯಾಹ್ನವೆಲ್ಲ ಎಣ್ಣೆ ಹಚ್ಚಿ ಒಂದೊಂದೇ ಸಿಕ್ಕು ಬಿಡಿಸಿದಳು. ಆಕೆಗೂ ಆಗ ಹೆಚ್ಚೆಂದರೆ ಹತ್ತೊಂಬತ್ತು ವರ್ಷ ಇದ್ದೀತು. ಅಲ್ಲಿಂದ ನಾನು ಮದುವೆಯಾಗಿ ಹೋಗುವವರೆಗೂ ನನ್ನ ತಲೆ ಬಾಚುವ ಕೆಲಸವನ್ನು ಅವಳು ಇನ್ನೊಬ್ಬರಿಗೆ ಬಿಡಲಿಲ್ಲ.

ಸಂಜೆ ದೀಪ ಹಚ್ಚಿ ಮಗ್ಗ ನಿಂತ ಮೇಲೆ ಕತೆ ಹೇಳುತ್ತಿದ್ದಳು. ಅವುಗಳಲ್ಲಿ ತಬ್ಬಲಿ ಹುಡುಗಿಯ ಕತೆಯೊಂದಿತ್ತು. ಆ ಹುಡುಗಿಗೆ ತೌಡು ತಿನ್ನಲು ಕೊಟ್ಟು, ತೂತಿನ ಕೊಡದಲ್ಲಿ ನೀರು ತಾ ಎಂದು ಕೆರೆಗೆ ಅಟ್ಟುತ್ತಾರೆ. ಸತ್ತ ತಾಯಿ ಗಿಡವಾಗಿ ಹುಟ್ಟಿ ಅವಳಿಗೆ ಹಣ್ಣು ಕೊಡುತ್ತಾಳೆ, ಕೊನೆಗೆ ಕುದುರೆಯ ಮೇಲೆ ಬಂದ ರಾಜಕುಮಾರ ಮದುವೆಯಾಗಿ ಕರೆದೊಯ್ಯುತ್ತಾನೆ. ಚಿಕ್ಕವ್ವ ಹೇಳುವಾಗ ಆ ಹುಡುಗಿಗೆ ಕಾಟ ಕೊಡುವವಳು ಸೋದರತ್ತೆ. ಆಚೆಮನೆಯ ಮುದುಕಿ ಹೇಳುವಾಗ ಅದು ಮಲತಾಯಿ ಎಂದು ಕೇಳಿ ನಾನು ಮನೆಗೆ ಬಂದು ಕೇಳಿದ್ದೆ. “ಆಯಮ್ಮಂಗೆ ವಯಸ್ಸಾಯ್ತು, ಮರ್ತಿರ್ತಾಳೆ” ಎಂದು ಚಿಕ್ಕವ್ವ ಒಲೆ ಊದತೊಡಗಿದಳು.

ಆಮೇಲೆ ನನಗೊಬ್ಬ ತಮ್ಮ ಹುಟ್ಟಿದ. ಅವಳ ಹೊಟ್ಟೆಯಲ್ಲಿ ಹುಟ್ಟಿದವನು ಎಂದು ನಮ್ಮ ಮನೆಯಲ್ಲಿ ಏನೂ ಬದಲಾಗಲಿಲ್ಲ. ಇಬ್ಬರೂ ಜಗಳವಾಡಿದರೆ ಇಬ್ಬರ ಬೆನ್ನಿಗೂ ಒಂದೊಂದು ಗುದ್ದು, ಮುದ್ದೆ ಇಳಿಸಿದರೆ ಇಬ್ಬರ ತಟ್ಟೆಗೂ ಒಂದೇ ಗಾತ್ರದ್ದು.

ಎಂಟನೆಯ ಕ್ಲಾಸು ಮುಗಿಸಿ ನಾನು ಮನೆಯಲ್ಲಿ ಉಳಿದಿದ್ದ ವರ್ಷ ಸಿನಿಮಾದವರು ಬಂದರು. ಎಪ್ಪತ್ತರ ಆಸುಪಾಸು. ಸಂಕ್ರಾಂತಿ ಕಳೆದಿತ್ತು. ಒಂದು ಹಳೇ ವ್ಯಾನಿನಲ್ಲಿ ಬಂದು ಛತ್ರದಲ್ಲಿ ಇಳಿದುಕೊಂಡರು. ನಾವು ಸಿನಿಮಾದವರೆಂದರೆ ಏನೇನೋ ಅಂದುಕೊಂಡಿದ್ದೆವು. ಇವರು ನೋಡಿದರೆ ಬೀದಿ ಹೋಟೆಲಿನಲ್ಲಿ ನಿಂತು ಇಡ್ಲಿ ತಿನ್ನುವ ಹುಡುಗರು. ಹಿಂದೆ ದೊಡ್ಡ ಕಂಪನಿ ಯಾವುದೂ ಇರಲಿಲ್ಲ. ಮೈಸೂರಿನ ಸ್ನೇಹಿತರು ನಾಲ್ಕಾರು ಮಂದಿ ಸೇರಿ ತೆಗೆಯುತ್ತಿದ್ದ ಚಿತ್ರ. ಡೈರೆಕ್ಟರು ಜುಬ್ಬಾ ತೊಟ್ಟ ಸಣಕಲು ಹುಡುಗ. ಗಡ್ಡ ಬಿಟ್ಟಿದ್ದ. ಬೀದಿಯವರೆಲ್ಲ ಅವನನ್ನು ಗಡ್ಡದ ಸಾ ಎಂದೇ ಕರೆದರು.

ಅವನು ಮನೆಮನೆ ನೋಡಿಕೊಂಡು ಬಂದು, ನಮ್ಮ ಮನೆಯ ಗುಂಡಿ ಮಗ್ಗವನ್ನೂ ಅದರ ಮೇಲೆ ಕಿಟಕಿಯಿಂದ ಬೀಳುವ ಬೆಳಕನ್ನೂ ನೋಡಿ ಅಲ್ಲೇ ನಿಂತುಬಿಟ್ಟ. ಜಗಲಿಯ ಮೇಲೆ ಕೂತು ಅಪ್ಪನಿಗೆ ಕತೆ ಹೇಳಿದ. ಅದೇ ತಬ್ಬಲಿ ಹುಡುಗಿಯ ಕತೆ. “ಅಜ್ಜಿಯರು ಹೇಳೋ ಕತೇನ ಈಗಿನ ಕಾಲಕ್ಕೆ ತಂದಿದ್ದೀನಿ” ಎಂದ. ಅವನ ಕತೆಯಲ್ಲಿ ಹುಡುಗಿ ನೇಕಾರರ ಮನೆಯವಳು. ತಾಯಿಯ ಗಿಡದ ಬದಲು, ಅವಳು ಅರ್ಧ ನೇಯ್ದು ಬಿಟ್ಟುಹೋದ ಸೀರೆ. ರಾಜಕುಮಾರ ಬಿ.ಎ. ಓದಿದವನು, ಮೋಟಾರ್ ಬೈಕಿನಲ್ಲಿ ಬರುತ್ತಾನೆ. ತೂತಿನ ಕೊಡ ಮಾತ್ರ ಹಾಗೇ ಇತ್ತು. ಮಲತಾಯಿಯೂ ಇದ್ದಳು. ಅಪ್ಪ ಒಳಗೆ ತಿರುಗಿ ಚಿಕ್ಕವ್ವನ ಮುಖ ನೋಡಿದ. ಅವಳು, “ಮನೆ ತಾನೇ ಕೇಳ್ತಾವ್ರೆ, ಕೊಡಿ. ಒಳ್ಳೇ ಹೈದ ಇದ್ದಂಗವ್ನೆ” ಎಂದಳು.

ಮಲತಾಯಿಯ ಪಾತ್ರಕ್ಕೆ ಒಬ್ಬ ನಾಟಕದ ಹೆಂಗಸನ್ನು ಕರೆತಂದಿದ್ದರು. ಶೂಟಿಂಗ್ ಶುರುವಾಗುವ ಮುಂಚೆಯೇ ಆಕೆಗೆ ಜ್ವರ ಹತ್ತಿ ಬಿಡಲೇ ಇಲ್ಲ. ಗಂಡ ಬಂದು ಬಸ್ಸಿನಲ್ಲಿ ಕರೆದುಕೊಂಡು ಹೋದ. ಡೈರೆಕ್ಟರು ನಮ್ಮ ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕೂತ. ಅದೇ ಹೊತ್ತಿಗೆ ನಾನು ಆಚೆ ಬೀದಿಗೆ ಹೋದವಳು ತಡಮಾಡಿದ್ದೆ. ಚಿಕ್ಕವ್ವ ಬಾಗಿಲಿಗೆ ಬಂದು, ಸೊಂಟಕ್ಕೆ ಕೈಯಿಟ್ಟು, “ಎಲ್ ಸತ್ತೋದ್ಯೇ ಲೇ? ಬಾ ಮನೆಗೆ, ಕಾಲ್ ಮುರೀತೀನಿ!” ಎಂದು ಕೂಗಿದಳು. ನಾನು ಓಡಿಬಂದು ನೋಡಿದರೆ ಗಡ್ಡದವನು ಎದ್ದು ನಿಂತು ಅವಳನ್ನೇ ನೋಡುತ್ತಿದ್ದ.

“ಅಕ್ಕಾ, ನೀವೇ ಮಾಡ್ಬೇಕು” ಎಂದ.

“ಏನ್ ಮಾಡ್ಬೇಕು?”

“ಮಲತಾಯಿ ಪಾತ್ರ.”

ಚಿಕ್ಕವ್ವ ಮೊದಲು ನಕ್ಕಳು, ಆಮೇಲೆ ಒಳಗೆ ಹೋಗಿಬಿಟ್ಟಳು. ಅವನು ಎರಡು ದಿನ ಬಂದು ಬಂದು ಕೇಳಿದ. ನಟಿ ಸಿಗದಿದ್ದರೆ ಇಷ್ಟಕ್ಕೇ ಎಲ್ಲ ಕಟ್ಟಿಕೊಂಡು ವಾಪಸ್ಸು ಹೋಗಬೇಕು ಎಂದ. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಹನೂರಿನಲ್ಲಿ ಅವಳಿಗೆ ಅದೇ ವಯಸ್ಸಿನ ತಮ್ಮನಿದ್ದ. “ಪಾಪ, ಅಳ್ತಾವ್ನೆ ಕಣ್ರಿ. ಆಟಕ್ಕೆ ತಾನೇ, ಮಾಡಿದ್ರಾಯ್ತು” ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಎಂದೂ ಅವಳ ಮಾತಿಗೆ ಎದುರಾಡಿದವನಲ್ಲ.

ತಬ್ಬಲಿಯ ಚಿಕ್ಕಂದಿನ ಪಾತ್ರ ಮಾಡಿದ್ದು ಮೈಸೂರಿನಿಂದ ಬಂದಿದ್ದ ಹತ್ತು ವರ್ಷದ ಹುಡುಗಿ. ಛತ್ರದಲ್ಲಿ ಗಂಡಸರೇ ತುಂಬಿದ್ದರು, ಹಾಗಾಗಿ ಅದು ನಮ್ಮ ಮನೆಯಲ್ಲೇ ಉಳಿಯಿತು. ರಾಗಿಮುದ್ದೆ ನುಂಗಲು ಬಾರದು ಎಂದು ಚಿಕ್ಕವ್ವ ಅದೊಂದಕ್ಕೇ ಬೇರೆ ಅನ್ನ ಮಾಡಿ ತುಪ್ಪ ಹಾಕಿ ಕಲಸಿಕೊಡುತ್ತಿದ್ದಳು. ಕ್ಯಾಮೆರಾ ಎದುರಿಗೆ ಅದೇ ಹುಡುಗಿಯ ಮುಂದಿನ ತಟ್ಟೆ ಕಿತ್ತುಕೊಳ್ಳಬೇಕಿತ್ತು. ಮೊದಲ ಸಲ ತಟ್ಟೆಯನ್ನು ಮೆಲ್ಲಗೆ ಎಳೆದುಕೊಂಡಳು. “ಇನ್ನೂ ಜೋರಾಗಿ ಅಕ್ಕ” ಎಂದ ಡೈರೆಕ್ಟರು. ಆಮೇಲೆ ಅವಳು ಹೇಗೆ ಕಿತ್ತುಕೊಂಡಳೆಂದರೆ ಅನ್ನ ಗೋಡೆಗೆ ಚೆಲ್ಲಿತು, ಹುಡುಗಿ ನಿಜವಾಗಿಯೇ ಬೆಚ್ಚಿ ಅತ್ತಿತು. ‘ಕಟ್’ ಎಂದದ್ದೇ ತಡ, ಚಿಕ್ಕವ್ವ ತಟ್ಟೆ ಬಿಸಾಡಿ ಅದನ್ನು ಬಾಚಿ ತಬ್ಬಿಕೊಂಡಳು. “ಇಲ್ಲ ಕಣ್ಣೂ, ಸುಳ್ಳು ಕಣ್ಣೂ” ಎನ್ನುತ್ತಾ ಸೆರಗಿನಿಂದ ಮೂಗು ಒರೆಸಿದಳು. ಕೆರೆಯ ಏರಿ ಮೇಲೆ ತೂತಿನ ಕೊಡ ಹೊರಿಸಿ ಅಟ್ಟುವುದನ್ನು ತೆಗೆದ ದಿನ ಅವಳು ಊಟ ಮಾಡಲಿಲ್ಲ. ಆದರೆ ಕೆಲಸ ಕೈಗೆ ತೆಗೆದುಕೊಂಡ ಮೇಲೆ ಅರೆಬರೆ ಮಾಡುವ ಜಾತಿಯವಳಲ್ಲ ಅವಳು. ಹುಬ್ಬು ಗಂಟಿಕ್ಕಿ ನಿಂತರೆ ನೋಡುತ್ತಿದ್ದ ನನಗೇ ಹೆದರಿಕೆಯಾಗುತ್ತಿತ್ತು.

ಎಲ್ಲ ಮುಗಿಯುತ್ತಾ ಬಂದಾಗ ಅವಳು ಡೈರೆಕ್ಟರಿಗೆ ಕಾಫಿ ಕೊಟ್ಟು ಪಕ್ಕದಲ್ಲೇ ನಿಂತಳು.

“ಸಾ, ಒಂದ್ ಕಡೆ ಆದ್ರೂ ನಾನು ಆ ಮೊಗಿಗೆ ತಲೆಗೆ ಎಣ್ಣೆ ಹಚ್ಚೋ ಅಂಗೆ ತಗೀರಿ. ಒಂದೇ ಒಂದ್ ಕಡೆ. ಎಂಥಾ ಕೆಟ್ಟೋಳಾದ್ರೂ ಒಂದಿನ ತಲೆ ಬಾಚಿರಲ್ವಾ?”

ಅವನು ಕ್ಯಾಮೆರಾದವನ ಕಡೆ ನೋಡಿದ. ಕ್ಯಾಮೆರಾದವನು ಏನೋ ಇಂಗ್ಲಿಷಿನಲ್ಲಿ ಅಂದ. ಡೈರೆಕ್ಟರು, “ಆಯ್ತು ಅಕ್ಕ, ನಾಳೆ ಬೆಳಿಗ್ಗೆ ತೆಗೆಯೋಣ” ಎಂದ.

ಹಿತ್ತಿಲಿನಲ್ಲಿ ತೆಗೆದರು. ಹುಡುಗಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಚಿಕ್ಕವ್ವ ಹರಳೆಣ್ಣೆ ಹಚ್ಚಿದಳು, ಬೈತಲೆ ತೆಗೆದಳು, ಬಿಗಿಯಾಗಿ ಎರಡು ಜಡೆ ಹೆಣೆದಳು. ಕ್ಯಾಮೆರಾ ಗರಗರ ಎನ್ನುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ, ಬಾಯಲ್ಲಿ ಏನನ್ನೋ ಗುನುಗುತ್ತಿದ್ದಳು. ಸಿನಿಮಾ ತೆಗೆದಷ್ಟು ದಿನವೂ ಅವಳ ಮುಖದಲ್ಲಿ ಕಾಣದಿದ್ದ ಕಳೆ ಅವತ್ತು ಕಂಡಿತು. ಆ ಮಧ್ಯಾಹ್ನವೇ ವ್ಯಾನು ಹೊರಟಿತು.

ಒಂದು ವರ್ಷದ ಮೇಲೆ ಚಿತ್ರ ಕೊಳ್ಳೇಗಾಲಕ್ಕೆ ಬಂತು. ಹಾಡಿಲ್ಲ, ಕುಣಿತವಿಲ್ಲ, ಅದಕ್ಕೆ ದಿನದ ಆಟ ಯಾರು ಕೊಡುತ್ತಾರೆ? ಭಾನುವಾರದ ಬೆಳಗಿನ ಆಟ ಮಾತ್ರ. ಆದರೂ ನಮ್ಮ ಬೀದಿಯೆಲ್ಲ ನೆರೆದಿತ್ತು. ಮಧುವನಹಳ್ಳಿಯಿಂದಲೂ ನಂಟರು ಬಂದಿದ್ದರು. ಚಿಕ್ಕವ್ವ ಮದುವೆಯ ಸೀರೆ ಉಟ್ಟು, ತಲೆತುಂಬ ಕನಕಾಂಬರ ಮುಡಿದು ನನ್ನ ಪಕ್ಕದಲ್ಲಿ ಕೂತಳು. ಪರದೆಯ ಮೇಲೆ ನಮ್ಮ ಮನೆ ಕಂಡಾಗ ಜನ ಶಿಳ್ಳೆ ಹಾಕಿದರು. ಅವಳು ಬಂದಾಗ ಇನ್ನೂ ಜೋರಾಗಿ ಹಾಕಿದರು. ತಟ್ಟೆ ಕಿತ್ತುಕೊಂಡಾಗ ಶಿಳ್ಳೆ ನಿಂತಿತು. ತೂತಿನ ಕೊಡ ಬರುವ ಹೊತ್ತಿಗೆ ಹಿಂದಿನ ಸಾಲಿನ ಹೆಂಗಸರು ಸೊರಸೊರ ಮೂಗು ಎಳೆಯುತ್ತಾ, “ಥೂ, ಇವ್ಳ ಮನೆ ಹಾಳಾಗ” ಎಂದು ಶಾಪ ಹಾಕುತ್ತಿದ್ದರು. ಅವರೆಲ್ಲ ನಮ್ಮ ಬೀದಿಯವರೇ.

ಚಿಕ್ಕವ್ವ ನನ್ನ ಕೈ ಹಿಡಿದು, “ಇರು, ಈಗ ಬತ್ತದೆ” ಎಂದಳು. ಎಣ್ಣೆ ಹಚ್ಚುವುದು. ಸ್ವಲ್ಪ ಹೊತ್ತಿಗೆ ಮತ್ತೆ, “ಈಗ ಬತ್ತದೆ ನೋಡು” ಎಂದಳು. ಮೋಟಾರ್ ಬೈಕು ಬಂತು. ಬೆಳೆದು ದೊಡ್ಡವಳಾದ ಹುಡುಗಿ ತಾಯಿಯ ಸೀರೆ ಉಟ್ಟು ಹಿಂದೆ ಕೂತಳು. ಬಾಗಿಲಲ್ಲಿ ಒಬ್ಬಳೇ ನಿಂತ ಚಿಕ್ಕವ್ವನ ಗಂಟುಮುಖ ಕಾಣಿಸಿ ಪರದೆ ಬೆಳ್ಳಗಾಯಿತು. ದೀಪ ಹತ್ತಿತು. ಅವಳ ಕೈ ನನ್ನ ಕೈಯೊಳಗೇ ಇತ್ತು. ಎದ್ದವರೆಲ್ಲ ಅವಳನ್ನು ತಿರುಗಿ ತಿರುಗಿ ನೋಡುತ್ತಾ ಹೋದರು, ಒಬ್ಬರೂ ಮಾತಾಡಿಸಲಿಲ್ಲ. ಮನೆಗೆ ಬಂದು ಸೀರೆ ಮಡಿಸಿ ಪೆಟ್ಟಿಗೆಗೆ ಹಾಕುವಾಗ ಅವಳು, “ಮರ್ತೋಗಿರ್ಬೇಕು ಸೇರ್ಸಾಕೆ” ಎಂದಳು, ಅಷ್ಟೇ.

ಅಲ್ಲಿಂದ ಮುಂದೆ ಊರು ಅವಳಿಗೆ ಆ ಹೆಸರನ್ನು ಅಂಟಿಸಿತು. ದಾರಿ ಕೇಳಿದವರಿಗೆ, “ಮಲತಾಯಿ ಮನೆ ಪಕ್ಕದ ಸಂದಿ” ಎನ್ನುವರು. ನಲ್ಲಿಯ ಹತ್ತಿರ ನಾನು ಕೊಡ ಹಿಡಿದು ನಿಂತರೆ, “ತೂತಿಲ್ಲ ತಾನೇ?” ಎಂದು ಕೇಳಿ ನಗುವರು. ಮೊದಮೊದಲು ತಮಾಷೆಗೆ. ಬರಬರುತ್ತಾ ಆ ತಮಾಷೆಯನ್ನು ಅವರೇ ನಂಬಿಬಿಟ್ಟರು. “ಒಳಗಿಲ್ದೆ ಅಂಗೆ ಮಾಡಕ್ಕಾದದಾ?” ಎಂದು ಒಬ್ಬಳು ನನ್ನೆದುರಿಗೇ ಅಂದಳು. “ನಿಜ ಯೋಳವ್ವ, ಒಡೀತಾಳಾ?” ಎಂದು ಇನ್ನೊಬ್ಬಳು ನನ್ನ ಗಲ್ಲ ಹಿಡಿದು ಕೇಳಿದಳು. ಇಲ್ಲ ಎಂದು ನಾನು ಎಷ್ಟು ಗಟ್ಟಿಯಾಗಿ ಹೇಳಿದರೆ ಅಷ್ಟು ಕನಿಕರದಿಂದ ನೋಡುತ್ತಿದ್ದರು. ಹೆದರಿಕೊಂಡು ಹೇಳುತ್ತಿದ್ದಾಳೆ ಎಂದುಕೊಂಡರು.

ಚಿಕ್ಕವ್ವನಿಗೆ ಎಲ್ಲ ಗೊತ್ತಾಗುತ್ತಿತ್ತು. ಮೊದಲು ನನ್ನನ್ನು ನೀರಿಗೆ ಕಳಿಸುವುದನ್ನು ಬಿಟ್ಟಳು. ಸೊಂಟ ಹಿಡಿದುಕೊಂಡು ತಾನೇ ಹೊತ್ತು ತರುವಳು. ಆಮೇಲೆ ನಮ್ಮ ಬೆನ್ನಿಗೆ ಬೀಳುತ್ತಿದ್ದ ಗುದ್ದು ನಿಂತಿತು. ಕೊನೆಗೆ ಆ ಗಂಟಲು. ನಾನು ಎಷ್ಟು ತಡಮಾಡಿದರೂ ಬಾಗಿಲಿಗೆ ಬಂದು ಕೂಗದೆ, ಬೀದಿಯ ತನಕ ನಡೆದು ಬಂದು, “ಬಾರವ್ವ, ಹೊತ್ತಾಯ್ತು” ಎಂದು ಪಕ್ಕದಲ್ಲಿ ನಿಂತು ಹೇಳುವಳು. ಒಂದು ದಿನ ಅಪ್ಪ ಮಗ್ಗದಿಂದಲೇ, “ಯಾಕೆ, ಬಾಯಿ ಬಿದ್ದೋಯ್ತಾ ನಿಂಗೆ? ಒಂದ್ಸಲ ಕೂಗು” ಎಂದ. ಅವಳು ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

ನನ್ನ ಮದುವೆಯ ಮಾತು ಬಂದಾಗ ಒಂದು ವಿಚಿತ್ರ ನಡೆಯಿತು. ಗಂಡಿನ ಕಡೆಯವರು ಯಳಂದೂರಿನವರು, ಅನುಕೂಲಸ್ಥರು. ನಮ್ಮಂಥವರ ಮನೆಗೆ ಬರುವವರಲ್ಲ. ಅತ್ತೆಯಾಗುವವಳ ತಂಗಿಯೊಬ್ಬಳು ಕೊಳ್ಳೇಗಾಲದಲ್ಲಿದ್ದಳು, ಅವಳು ಸಿನಿಮಾ ನೋಡಿದ್ದಳು. ಆ ಮಲತಾಯಿಯ ಕೈಯಲ್ಲಿ ಒಂದು ಹುಡುಗಿ ನರಳುತ್ತಿದೆ, ತಂದುಕೊಂಡರೆ ಪುಣ್ಯ ಬರುತ್ತದೆ ಎಂದು ಅಕ್ಕನಿಗೆ ಹೇಳಿದ್ದಳಂತೆ. ನೋಡಲು ಬಂದ ದಿನ ಅತ್ತೆ ನನ್ನ ತಲೆ ಸವರಿ, ಚಿಕ್ಕವ್ವನಿಗೆ ಕೇಳುವ ಹಾಗೇ, “ಇನ್ಮೇಲೆ ನಮ್ಮನೇಲಿ ಹೊಟ್ಟೆ ತುಂಬ ಉಣ್ಣುವಂತೆ ಬಾ” ಎಂದಳು.

ಅವರು ಹೋದ ಮೇಲೆ ನಾನು ಈ ಸಂಬಂಧ ಬೇಡ ಎಂದು ಹಟ ಹಿಡಿದೆ. ಅವರಿಗೆ ನಿಜ ಹೇಳುತ್ತೇನೆ ಎಂದೆ. ಚಿಕ್ಕವ್ವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

“ಏನೂ ಯೋಳ್ಬ್ಯಾಡ. ಅವ್ರು ಅಂಗೇ ಅನ್ಕಳ್ಳಿ ಬುಡು. ಕಷ್ಟಪಟ್ಟು ಬಂದೋಳು ಅಂದ್ರೆ ನಿನ್ನ ಚೆನ್ನಾಗಿ ನೋಡ್ಕತಾರೆ. ಅವ್ರ ಕನಿಕರ ಯಾಕ್ ಕೆಡಿಸ್ತೀಯೆ?”

“ಮತ್ತೆ ನೀನು?”

“ನಂದೇನ್ ಓಯ್ತದೆ? ಇನ್ನೇನು ಓಗಕ್ಕದೆ?”

ಧಾರೆಗೆ ಅವಳು ಕೂರಲಿಲ್ಲ. ಹೆತ್ತ ತಾಯಿಯ ಕಡೆಯ ಸೋದರಮಾವನೂ ಅವನ ಹೆಂಡತಿಯೂ ಕೂತರು. ಗಂಡಿನ ಮನೆಯ ಬಸ್ಸು ಹೊರಡುವಾಗ ಎಲ್ಲರೂ ಅಳುತ್ತಿದ್ದರು. ಚಿಕ್ಕವ್ವ ಕಂಬದ ಪಕ್ಕದಲ್ಲಿ ಬಿಗಿದುಕೊಂಡು ನಿಂತಿದ್ದಳು. “ನೋಡು, ಒಂದ್ ತೊಟ್ಟು ಕಣ್ಣೀರಿಲ್ಲ” ಎಂದು ಅತ್ತೆಯ ತಂಗಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಯಳಂದೂರಿನಲ್ಲಿ ನನ್ನನ್ನು ನಿಜಕ್ಕೂ ಚೆನ್ನಾಗಿಯೇ ನೋಡಿಕೊಂಡರು.

ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಗ ಒಂದು ಬೆಳಿಗ್ಗೆ ಗಡ್ಡದವನು ಬಂದ. ಇನ್ನೊಂದು ಚಿತ್ರಕ್ಕೆ ಜಾಗ ಹುಡುಕುತ್ತಿದ್ದನಂತೆ. ಗಡ್ಡ ಅಲ್ಲಲ್ಲಿ ನರೆತಿತ್ತು. ಚಿಕ್ಕವ್ವನ ನಟನೆಯನ್ನು ಎಲ್ಲೆಲ್ಲಿಯೋ ದೊಡ್ಡವರು ಹೊಗಳಿದರೆಂದು ಸಂಭ್ರಮದಿಂದ ಹೇಳಿದ. ಅವಳು ಕಾಫಿ ತಂದುಕೊಟ್ಟಳು. ನಾನು ಕೋಣೆಯ ಬಾಗಿಲಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ.

“ಒಂದ್ ಮಾತು ಕೇಳ್ಲಾ ಸಾ?”

“ಕೇಳಿ ಅಕ್ಕ.”

“ಆ ಎಣ್ಣೆ ಅಚ್ಚಿದ್ದು ಎಲ್ಲೋಯ್ತು? ಕತ್ತರ್ಸ್ ಬುಟ್ರಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಲೋಟ ಕೆಳಗಿಟ್ಟ.

“ಅಕ್ಕ, ಅವತ್ತು ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ. ಹಿಂದಿನ ದಿನಾನೇ ಮುಗಿದಿತ್ತು. ನೀವು ಅಷ್ಟು ಆಸೆಪಟ್ಟು ಕೇಳಿದ್ರಿ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಸುಮ್ನೆ ಮಿಷಿನ್ ಓಡಿಸಿದ್ವಿ.”

ಚಿಕ್ಕವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು. “ರೀಲ್ ಇದ್ದಿದ್ರೆ ಆಕ್ತಿದ್ರಾ?”

“ಸುಳ್ಳು ಹೇಳಲ್ಲ ಅಕ್ಕ. ಹಾಕ್ತಿರಲಿಲ್ಲ ಅನ್ಸುತ್ತೆ. ಮಲತಾಯಿ ಪ್ರೀತಿ ತೋರಿಸಿಬಿಟ್ರೆ ಆ ಹುಡುಗಿ ಮನೆ ಬಿಟ್ಟು ಹೋಗೋಕೆ ಕಾರಣ ಇರಲ್ವಲ್ಲ.”

“ಪ್ರೀತಿ ಮಾಡಿದ್ರೂ ಎಣ್‌ಮಕ್ಳು ಓಗೇ ಓಯ್ತಾರೆ ಸಾ” ಎಂದು ಅವಳು ನನ್ನ ಕಡೆ ನೋಡಿದಳು. “ಕಾಫಿ ಆರೋಯ್ತದೆ, ಕುಡೀರಿ.”

ಅವನು ಕುಡಿದು, ಅವಳ ಕಾಲಿಗೆ ನಮಸ್ಕಾರ ಮಾಡಿ ಹೋದ. ಮತ್ತೆ ಬರಲಿಲ್ಲ. ಅವಳು ಆ ಮಾತನ್ನು ಮುಂದೆ ಯಾವತ್ತೂ ಎತ್ತಲಿಲ್ಲ. ಅವತ್ತಿನ ಬಿಸಿನೀರು, ಸಾಂಬ್ರಾಣಿ ಹೊಗೆ, ಬಾಣಂತಿ ಖಾರ ಒಂದೂ ತಪ್ಪಲಿಲ್ಲ. ಯಳಂದೂರಿಗೆ ಮರಳಿದ ಮೇಲೆ ಅತ್ತೆಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅತ್ತೆ ಕೇಳಿಸಿಕೊಂಡು, “ನೀನು ಒಳ್ಳೇಳು, ಅದ್ಕೇ ಅಂಗಂತೀಯ” ಎಂದಳು.

ಎರಡು ವರ್ಷದ ಮೇಲೆ ಚಿಕ್ಕವ್ವನಿಗೆ ಕಾಮಾಲೆಯಾಯಿತು. ಮೊದಲು ನಾಟಿ ಔಷಧಿ, ಆಮೇಲೆ ಮೈಸೂರಿನ ಆಸ್ಪತ್ರೆ. ಅಲ್ಲಿಂದ ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ಬಂದಾಗ ಮೈಯೆಲ್ಲ ಅರಿಶಿನದ ಹಾಗಿತ್ತು. ಗುರುತು ಹಿಡಿದಳು. “ಬಸ್ಸಲ್ಲಿ ಜಾಗ ಸಿಕ್ತಾ? ಮೊಗ ಉಣ್ತಾ?” ಎಂದು ಕೇಳಿದಳು. ಬಾಗಿ ಬಾಯಿಗೆ ಕಿವಿಯಿಟ್ಟು ಕೇಳಬೇಕಾಯಿತು. ಮಾರನೆಯ ಬೆಳಿಗ್ಗೆ, ಬೀದಿಯಲ್ಲಿ ಮಗ್ಗಗಳು ಶುರುವಾಗುವ ಹೊತ್ತಿಗೆ, ಹೋದಳು. ನಲವತ್ತೂ ತುಂಬಿರಲಿಲ್ಲ.

ಬೀದಿಯ ಹೆಂಗಸರೆಲ್ಲ ಬಂದು ಅತ್ತರು. ಆ ಅಳು ಸುಳ್ಳಲ್ಲ. ನಲ್ಲಿಯ ಹತ್ತಿರ ನನ್ನ ಗಲ್ಲ ಹಿಡಿದು ಕೇಳಿದ್ದವಳೇ ನನ್ನನ್ನು ತಬ್ಬಿಕೊಂಡು, “ಮಲತಾಯಿ ಆದ್ರೂ ಚೆನ್ನಾಗೇ ನೋಡ್ಕಂಡ್ಲು ಕಣವ್ವ” ಎಂದಳು. ಉಳಿದವರು ಹೌದು ಹೌದು ಎಂದರು. ಆ ‘ಆದ್ರೂ’ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು. ಅವಳ ಹೆಣದ ಮುಂದೆ ಯಾರ ಹತ್ತಿರ ಏನೆಂದು ಜಗಳವಾಡಲಿ?

ತಿಥಿ ಕಳೆದ ಮೇಲೆ ಮಗುವನ್ನು ಎತ್ತಿಕೊಂಡು ಯಳಂದೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಹೊನ್ನೂರಿನ ಹೆಂಗಸೊಬ್ಬಳು ಕೂತಿದ್ದಳು, ಮಡಿಲಲ್ಲಿ ಸಂತೆಯ ಚೀಲ. ನಾನು ಅಳು ತಡೆಯಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಅವಳು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

“ಯಾರ್ ತೀರ್ಕಂಡ್ರವ್ವ?”

“ನಮ್ಮ ಚಿಕ್ಕವ್ವ. ಅಪ್ಪನ ಎರಡನೇ ಹೆಂಡ್ತಿ.”

“ಓ, ಅಂಗಾ” ಎಂದು ಅವಳು ಕೈ ತೆಗೆದಳು. “ನಾನು ಹೆತ್ತವ್ವನೇ ಅನ್ಕಂಡು ಗಾಬ್ರಿಯಾದೆ. ಸುಧಾರಿಸ್ಕೊ, ಮೊಗ ಎದರ್ಕತದೆ.”

ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಮಗುವಿನ ಕೈಗೆ ಕೊಟ್ಟಳು. ನಾನು ಸಿಪ್ಪೆ ಸುಲಿದು ಚೂರು ಚೂರೇ ತಿನ್ನಿಸಿದೆ. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಹಾಯುತ್ತಿದ್ದವು. ಯಳಂದೂರು ಬಂದಾಗ ಮಗುವನ್ನು ಎತ್ತಿಕೊಂಡು ಇಳಿದೆ.